ವರ್ನಾಳ ಕಾಡುಬೆಕ್ಕು

ಬಿಟರ್‌ರೂಟ್ ಕಣಿವೆ ಇನ್ನೂ ಮಂಜು ಹೊದ್ದು ಮಲಗಿದೆ. ಹೊಳೆ ಯಾವುದು, ಹುಲ್ಲುಗಾವಲು ಯಾವುದು ಎಂದು ಗುರುತು ಸಿಗದ ಬೆಳಕು. ಈಗ ಕೋವಿ ಕೆಲಸದ ಮನೆಯಾಗಿರುವ ಹಳೆಯ ಕುದುರೆ ಲಾಯದೊಳಗೆ ಅರವತ್ತಾರರ ವರ್ನಾ ಟೋಲೆಫ್ಸನ್ ಕೋವಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾರೆ. ಹಿಡಿಯ ಕೆಳಗಿರುವ, ತೋಟಾ ಒಳತಳ್ಳುವ ಸನ್ನೆಕೋಲನ್ನು ತಳ್ಳಿ ಎಳೆಯುತ್ತಾರೆ. ಮದ್ದಿಲ್ಲದ ತೋಟಾ ಒಳಗೆ ಜಾರುತ್ತದೆ. ಮತ್ತೆ ತಳ್ಳುತ್ತಾರೆ; ಅದು ಹಾರಿ ಮರದ ಹೊಟ್ಟಿನ ಮೇಲೆ ಸದ್ದಿಲ್ಲದೆ ಬೀಳುತ್ತದೆ.

"ಕಣ್ಣು ಹಿತ್ತಾಳೆಯ ಹೊಳಪಿಗೆ ಮರುಳಾಗತ್ತೆ. ಎಲ್ಲಿ ತಡೀತು ಅನ್ನೋದು ಕಿವಿಗೇ ಗೊತ್ತಾಗೋದು," ಎನ್ನುತ್ತಾರೆ.

ಅಂಗಡಿಯಲ್ಲಿ ಸಿಗದ, ಯಾವ ಕಾರ್ಖಾನೆಯೂ ಮಾಡದ ತೋಟಾಕ್ಕೆ ಈ ಕಸುಬಿನವರು ಕಾಡುಬೆಕ್ಕು ಎನ್ನುತ್ತಾರೆ. ಇದ್ದ ತೋಟಾದ ಹಿತ್ತಾಳೆ ಚಿಪ್ಪಿನ ಕುತ್ತಿಗೆ ಹಿಗ್ಗಿಸಿ, ಹೆಗಲು ತಿದ್ದಿ ಹೊಸದೊಂದನ್ನು ಹುಟ್ಟಿಸುವುದು. ಆಮೇಲೆ ಅದಕ್ಕೆ ಸರಿಯಾಗಿ ಕೋವಿಯ ನಳಿಗೆ ಕೊರೆಯುವುದು. ಒಮ್ಮೆ ಕೊರೆದರೆ ಮುಗಿಯಿತು, ಕೊರೆದ ಉಕ್ಕು ಮತ್ತೆ ತುಂಬಿಕೊಳ್ಳುವುದಿಲ್ಲ.

ವರ್ನಾ ಇಪ್ಪತ್ತೆರಡು ವರ್ಷಗಳಿಂದ ಕಾಡುಬೆಕ್ಕು ಮುಟ್ಟಿಲ್ಲ. ತುಕ್ಕು ಬಿಡಿಸುತ್ತಾ, ಮುರಿದ ಹಿಡಿ ಕೂಡಿಸುತ್ತಾ ಕಾಲ ಕಳೆದಿದ್ದಾರೆ. ಕೊನೆಯದನ್ನು ಒಡಹುಟ್ಟಿದ ತಮ್ಮ ಆರ್ಲೊನಿಗಾಗಿ ಮಾಡಿದ್ದರು. "ಗುಂಡಿನ ವೇಗದ ಆಸೆ ನನ್ನದು, ಅವನು ಕೇಳಿರಲಿಲ್ಲ. ಮೊದಲ ಗುಂಡು ಕಡವೆಗೆ ತಗುಲ್ತು. ಎರಡನೇದಕ್ಕೆ ಸನ್ನೆ ಬಿಚ್ಚಲೇ ಇಲ್ಲ, ಚಿಪ್ಪು ಒಳಗೇ ಕಚ್ಕೊಂಡಿತ್ತು. ಗಾಯದ ಪ್ರಾಣಿ ನಡೆದು ಹೋಯ್ತು. ಮೂರು ದಿನ ಹುಡುಕಿದ." ಆರ್ಲೊ ಬೈಯಲಿಲ್ಲ. ಕೋವಿಯನ್ನು ಅಕ್ಕನ ಬಾಗಿಲಿಗೆ ಒರಗಿಸಿ ಹೋದವನು ಮತ್ತೆ ಬೇಟೆಗೆ ಇಳಿಯಲಿಲ್ಲ.

ಈಗ ಬಂದಿರುವುದು ಓಡೆಲ್ ಪ್ರುವಿಟ್, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಹಳೆಯ ನೆರೆಯವರು. ಮೇಲಿನ ಕಾಡಿನಲ್ಲಿ ಒಂದು ಗಂಡು ಎಲ್ಕ್ ಕಡವೆ ಹೊಡೆಯುವ ಪರವಾನಗಿ ಹದಿನೇಳು ವರ್ಷ ಚೀಟಿ ಹಾಕಿದ ಮೇಲೆ ಈ ಶರತ್ಕಾಲಕ್ಕೆ ಬಂದಿದೆ. ಅಷ್ಟರಲ್ಲಿ ಬಲ ಭುಜಕ್ಕೆ ಲೋಹದ ತಿರುಪು ಬಿದ್ದಿದೆ. ಜೋರಾಗಿ ಒದೆಯುವ ಕೋವಿ ಅವರಿಗೆ ಆಗದು. ಆದರೂ ಅವರಿಗೆ ಬೇಕಿರುವುದು ವೇಗವೇ.

ಮೇಜಿನ ಮೇಲೆ ಎರಡು ತೋಟಾಗಳಿವೆ. ಎರಡಕ್ಕೂ ತಾಯಿ ಒಂದೇ, ಇಲ್ಲಿ ಮನೆಮನೆಯಲ್ಲಿರುವ ಮೂವತ್ತು-ಮೂವತ್ತು ಅಳತೆಯ ತೋಟಾ. ಒಂದರ ಮೈ ಉಬ್ಬಿಸಿ ಹೆಗಲು ಚೂಪು ಮಾಡಿದ್ದಾರೆ. ಮದ್ದು ಹೆಚ್ಚು ಹಿಡಿಯುತ್ತದೆ, ಗುಂಡು ಬೇಗ ಹೋಗುತ್ತದೆ. ಇನ್ನೊಂದರ ಕುತ್ತಿಗೆಯನ್ನಷ್ಟೇ ಅಗಲಿಸಿ, ಭಾರವಾದ ಮೊಂಡು ಮೂತಿಯ ಗುಂಡು ಕೂರಿಸಿದ್ದಾರೆ. ಅರವತ್ತು ಚಿಪ್ಪು ಹಿಗ್ಗಿಸಿದರೆ ಒಂಬತ್ತು ಸೀಳಿಹೋದವು.

"ನೀನು ಆರಿಸೋದ್ರೊಳಗೆ ಆ ಕಡವೆ ವಯಸ್ಸಾಗಿ ಸಾಯತ್ತೆ ಕಣೆ," ಎನ್ನುತ್ತಾ ಓಡೆಲ್ ಬಿಸಿ ಬಿಸ್ಕೆಟ್ ರೊಟ್ಟಿಯ ಪೊಟ್ಟಣ ಬಿಚ್ಚುತ್ತಾರೆ.

"ಅದಕ್ಕಿಂತ ಮೊದಲು ನೀನು ಹೋಗ್ದೇ ಇದ್ರೆ ಸಾಕು. ಕೈಗವಸು ಹಾಕ್ಕೋ."

ಇದು ವರ್ನಾ ಅವರ ಪದ್ಧತಿ. ಹಿಮದ ದಿನದ ದಪ್ಪ ಉಣ್ಣೆಯ ಗವಸು ತೊಡಿಸಿ, ಪರೀಕ್ಷೆಗೆಂದು ಕೊರೆದ ತುಂಡು ನಳಿಗೆಗಳನ್ನು ಒಂದಾದ ಮೇಲೊಂದು ಕೋವಿಗೆ ಸಿಕ್ಕಿಸಿ, ಕೋವಿ ಭುಜಕ್ಕೆ ಏರಿಸಿಯೇ ಸನ್ನೆ ಆಡಿಸಲು ಹೇಳುತ್ತಾರೆ. ಚೂಪು ಹೆಗಲಿನದು ಮೂರನೆಯ ಸಲ ಅಂಚಿಗೆ ಸಿಕ್ಕಿ ನಿಲ್ಲುತ್ತದೆ. ಮೊಂಡು ಮೂತಿಯದು ಹತ್ತು ಸಲವೂ ಹಾಲು ಇಳಿದಂತೆ ಇಳಿಯುತ್ತದೆ. ಇದರಿಂದ ದೂರದ ಬೆಟ್ಟಕ್ಕೆ ಹೊಡೆಯಲಾಗದು, ನೂರು ಹೆಜ್ಜೆಯೊಳಗೆ ನುಸುಳಿ ಹೋಗಬೇಕು ಎಂದು ವರ್ನಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಓಡೆಲ್ ಗವಸು ಕಳಚಿ ಆ ಮೊಂಡು ಮೂತಿಯ ತೋಟಾವನ್ನು ಕೈಗೆತ್ತಿಕೊಳ್ಳುತ್ತಾರೆ.

"ಹದಿನೇಳು ವರ್ಷ ಕಾದವನಿಗೆ ನೂರು ಹೆಜ್ಜೆ ತೆವಳೋದು ದೊಡ್ಡದಾ? ಕೊರಿ."

ಲೇತ್ ತಿರುಗುತ್ತದೆ. ಅಲಗು ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ವರ್ನಾ ಒರೆಸಿ, ಎಣ್ಣೆ ಹಚ್ಚಿ ಮತ್ತೆ ಕಳಿಸುತ್ತಾರೆ. ಹೀಗೆ ನಾಲ್ಕು ಗಂಟೆ. ಉಕ್ಕಿನ ಸುರುಳಿಗಳು ಬೆಳ್ಳಿಯ ಕೂದಲಿನಂತೆ ಅವರ ಪಾದದ ಸುತ್ತ ಬೀಳುತ್ತವೆ. ಕಿಟಕಿಯಾಚೆ ಮಂಜು ಕರಗಿ ಬೆಟ್ಟಗಳು ಒಂದೊಂದಾಗಿ ಎದ್ದು ಬರುತ್ತವೆ.

ವಾರದ ನಂತರ, ಹಳೆಯ ಜಲ್ಲಿ ಹೊಂಡದಲ್ಲಿ ಓಡೆಲ್ ಹಲಗೆಗೆ ಗುರಿ ಇಡುತ್ತಾರೆ. ಮೊದಲ ಗುಂಡಿನ ಸದ್ದು ಬೆಟ್ಟ ಸುತ್ತಿ ಹಿಂದಿರುಗುವ ಮೊದಲೇ ಎರಡನೆಯದೂ ಹಾರಿದೆ. ಬಿಸಿ ಚಿಪ್ಪುಗಳೆರಡು ಕಲ್ಲಿನ ಮೇಲೆ ಹೊಗೆಯಾಡುತ್ತವೆ. ವರ್ನಾ ಬಗ್ಗಿ ಎರಡನ್ನೂ ಹೆಕ್ಕಿ, ಸೀಳು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ.

ಯಾವ ತೋಟಾ ಹಾಕಬೇಕೆಂಬುದನ್ನು ನಳಿಗೆಯ ಮೇಲೆ ಕೆತ್ತಲೇಬೇಕು. ಅದರ ಜೊತೆಗೆ, ಆ ತೋಟಾವನ್ನು ಹುಟ್ಟಿಸಿದವರ ಹೆಸರನ್ನೂ ಸೇರಿಸುವುದು ಈ ಕಸುಬಿನ ವಾಡಿಕೆ. ಓಡೆಲ್ ಅದಕ್ಕೂ ಪಟ್ಟು ಹಿಡಿಯುತ್ತಾರೆ. ವರ್ನಾ ತೋಟಾದ ಅಳತೆಯ ಅಂಕಿಗಳನ್ನಷ್ಟೇ ಒತ್ತಿ ಸುತ್ತಿಗೆ ಕೆಳಗಿಡುತ್ತಾರೆ.

"ಹೆಸರು ಬೇಡ. ಅಲ್ಲಿ ಮೇಲೆ ಕಡವೆ ಎದುರಿಗಿದ್ದು ಈ ಓಡೆಲ್ ಎರಡನೇ ಸಲ ಸನ್ನೆ ಎಳೀತಾನಲ್ಲ, ಆಗ ಅವನಿಗೆ ನನ್ನ ನೆನಪೇ ಬರಬಾರದು. ಅಷ್ಟಾದ್ರೆ ನನಗೆ ಸಾಕು."