ಕೂಸಿಗೆ ಎರೆಯುವ ಹೊನ್ನೂರಮ್ಮ

ಬಾದನಹಟ್ಟಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಎರೆಯಲು ಕರೆ ಬರುತ್ತಿದ್ದುದು ಹೊನ್ನೂರಮ್ಮನಿಗೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಳೆಂದರೆ ಎಂಥ ಹಟಮಾರಿಯೂ ಸುಮ್ಮನಾಗುತ್ತಿತ್ತು. ಗಂಡ ಮಲ್ಲಯ್ಯ ತೀರಿಕೊಂಡ ಮೇಲೆ ಮನೆ ನಡೆದದ್ದು ಭತ್ತದ ಗದ್ದೆಯ ಕೂಲಿಯಿಂದ. ಆದರೆ ಊರವರು ಅವಳನ್ನು ಒಳಗೆ ಕರೆದು, ಕೂಡಿಸಿ, ಚಹಾ ಕೊಟ್ಟು ಮಾತಾಡಿಸುತ್ತಿದ್ದುದು ಈ ಕೈಗುಣಕ್ಕೆ.

ಆ ಕೈಗೇ ರೋಗ ಬಂತು. ಮೊದಲು ಮೊಣಕೈಯಲ್ಲಿ ಕೆಂಪು ಕಲೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಹುಳುಕಡ್ಡಿ ಇರಬೇಕೆಂದು ಕುರುಗೋಡಿನ ಅಂಗಡಿಯಿಂದ ಮುಲಾಮು ತಂದು ಹಚ್ಚಿದಳು. ಕಲೆ ಮೊಣಕಾಲಿಗೆ ಇಳಿಯಿತು, ಅಂಗೈಗೆ ಬಂತು. ಒಂದು ದಿನ ಚನ್ನವೀರಮ್ಮನ ಮನೆಗೆ ಮೊಮ್ಮಗುವಿಗೆ ಎರೆಯಲು ಹೋದಾಗ, "ಇವತ್ತು ಕೂಸಿಗೆ ಮೈ ಬಿಸಿ ಐತಿ, ಬ್ಯಾಡ ಬಿಡು" ಎಂದು ಹೊಸ್ತಿಲಲ್ಲೇ ತಡೆದರು. ಹಿತ್ತಿಲ ಕಡೆಯಿಂದ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಹೊನ್ನೂರಮ್ಮ ಏನೂ ಕೇಳದವಳಂತೆ ತಿರುಗಿ ಬಂದಳು. ಆಮೇಲೆ ಯಾರೂ ಕರೆಯಲಿಲ್ಲ.

ಬಳ್ಳಾರಿಯ ಪಾರ್ವತಿನಗರದ ಚರ್ಮದ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಕೃತಿ ಅದಕ್ಕೆ ಸೋರಿಯಾಸಿಸ್ ಎಂದು ಹೆಸರು ಹೇಳಿದರು. ಮುಟ್ಟಿದರೆ ಅಂಟುವ ರೋಗವಲ್ಲ ಎಂದರು. "ನಿಮ್ಮ ಮನೆಯಾಗ ಮತ್ತ್ಯಾರಿಗರ ಇತ್ತೇನು?" ಎಂದು ಕೇಳಿದರು.

"ನಮ್ಮಪ್ಪಗ ಇತ್ತರೀ."

ಕೆಲವು ಮನೆತನಗಳಲ್ಲಿ ಹಾಗೆ ಇಳಿದು ಬರುತ್ತದೆ ಎಂದರು ಡಾಕ್ಟರ್. ಆ ಮಾತನ್ನು ಹೊನ್ನೂರಮ್ಮ ನುಂಗಿಕೊಂಡಳು, ಮಗಳಿಗೆ ಹೇಳಲಿಲ್ಲ.

ಅಲ್ಲಿ ಈ ರೋಗದ ಮೇಲೆ ಒಂದು ಸಂಶೋಧನೆ ನಡೆಯುತ್ತಿತ್ತು. ಚರ್ಮದ ಮಾದರಿ ಬೇಕು ಎಂದಾಗ ಹೊನ್ನೂರಮ್ಮ ಎದ್ದು ನಿಂತುಬಿಟ್ಟಳು. ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಕಾಲಿನಿಂದ ಚೂರು ಚರ್ಮ ಕತ್ತರಿಸಿ ತೆಗೆದಿದ್ದರು. ಆ ಗಾಯ ಮಾಯಲು ಬಹಳ ಸತಾಯಿಸಿತ್ತು.

"ಬ್ಲೇಡೂ ಇಲ್ಲ, ಸೂಜೀನೂ ಇಲ್ಲ, ಕೂಡ್ರಿ" ಎಂದು ಡಾಕ್ಟರ್ ಕಾಸಿನಗಲದ ಅಂಟುಪಟ್ಟಿಯೊಂದನ್ನು ಅವಳ ಮೊಣಕೈ ಮೇಲೆ ಒತ್ತಿ ಹಿಡಿದು, ಮೆಲ್ಲಗೆ ಕಿತ್ತರು. ಅದೇ ಜಾಗದಲ್ಲಿ ಇನ್ನೊಂದು, ಮತ್ತೊಂದು. ಚುರುಕ್ಕೆಂದಿತು, ಅಷ್ಟೆ. ಪಟ್ಟಿಗೆ ತೌಡಿನಂಥ ಪುಡಿ ಅಂಟಿಕೊಂಡಿತ್ತು. "ಇದರಾಗ ರೋಗದ ಗುರುತು ಇರ್ತಾವು. ಯಾರಿಗೆ ಯಾವ ಔಷಧಿ ಹಿಡಿತೈತಿ ಅಂತ ಮೊದಲೇ ಗೊತ್ತಾಗಬೇಕು ಅಂತ ಹುಡುಕಾಕ ಹತ್ತೀವಿ."

"ಇದು ಯಾರಿಗೂ ಅಂಟಂಗಿಲ್ಲ ಅಂತ ಇದರಾಗ ಬರ್ತೈತೇನ್ರೀ? ಊರಾಗ ತೋರಸ್ತಿದ್ದೆ."

ಶ್ರೀಕೃತಿ ಹೇಳಿದರು, "ಅಂಟಂಗಿಲ್ಲ ಅನ್ನಾಕ ಪರೀಕ್ಷೆನ ಬೇಕಿಲ್ಲಮ್ಮ. ಈ ಪಟ್ಟಿಯಿಂದ ನಿಮಗ ಈಗ ಏನೂ ಸಿಗಂಗಿಲ್ಲ, ಸುಳ್ಳು ಹೇಳಬಾರದು. ಮುಂದ ಬರೋರಿಗೆ ಉಪಯೋಗ ಆಗಬಹುದು."

ಆಗಲಿ ಎಂದಳು ಹೊನ್ನೂರಮ್ಮ. ಬಸ್ಸಿನಲ್ಲಿ ಮಾತ್ರ ಅಳು ತಡೆಯಲಾಗಲಿಲ್ಲ.

ಮಗಳು ಜ್ಯೋತಿಲಕ್ಷ್ಮಿಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಅಳಿಯ ಮಾರೇಶ ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಬೀಗತಿ ಮಂಜಮ್ಮ ರೋಗ ಅಂಟೀತೆಂದು ಕಳಿಸಲಿಲ್ಲ. ಹೆಣ್ಣುಕೂಸು ಹುಟ್ಟಿದ ಸುದ್ದಿ ಕೇಳಿ ಹೊನ್ನೂರಮ್ಮ ಉದ್ದ ತೋಳಿನ ಕುಪ್ಪಸ ತೊಟ್ಟು ಸಿರುಗುಪ್ಪಕ್ಕೆ ಹೋದಳು. ಬಚ್ಚಲಲ್ಲಿ ಯಾವಳೋ ಕೂಸಿಗೆ ಎರೆಯುತ್ತಿದ್ದಳು. ಕೂಸು ಉಸಿರುಗಟ್ಟಿ ಅಳುತ್ತಿತ್ತು. ನೀರು ಬಹಳ ಬಿಸಿ ಇದೆ ಎಂದು ಅಳುವಿನ ದನಿಯಲ್ಲೇ ಅವಳಿಗೆ ತಿಳಿಯಿತು. ತಾಳಲಾರದೆ ಎದ್ದಳು.

"ಯಮ್ಮಾ, ನೀ ಮುಟ್ಟಬ್ಯಾಡ."

ಹಾಗೆಂದವಳು ಮಂಜಮ್ಮನಲ್ಲ, ಮಗಳು. ಹೊನ್ನೂರಮ್ಮ ಗೋಡೆಗೆ ಒರಗಿ ಕೂತಳು.

ಮಧ್ಯಾಹ್ನ ಮಂಜಮ್ಮ ಸಂತೆಗೆ ಹೋದಳು. ಬಾಣಂತಿ ತಲೆಗೆ ಬಟ್ಟೆ ಕಟ್ಟುವುದು ಇದ್ದದ್ದೇ. ಆದರೆ ಆ ಧಗೆಯಲ್ಲಿ, ಬೆವರು ಇಳಿಯುತ್ತಿದ್ದರೂ ಜ್ಯೋತಿಲಕ್ಷ್ಮಿ ಬಟ್ಟೆ ಬಿಚ್ಚಿರಲಿಲ್ಲ. ತಾಯಿ ಎಣ್ಣೆ ಹಚ್ಚುತ್ತೇನೆಂದು ಹತ್ತಿರ ಬಂದರೆ ತಲೆ ಹಿಂದಕ್ಕೆ ಎಳೆದುಕೊಂಡಳು. ಹೊನ್ನೂರಮ್ಮ ಬಿಡಲಿಲ್ಲ, ಗಂಟು ಬಿಚ್ಚಿದಳು. ಕಿವಿಯ ಹಿಂದೆ, ಕೂದಲ ಬುಡದಲ್ಲಿ ಅದೇ ಕೆಂಪು, ಅದೇ ಹೊಟ್ಟು.

"ಯಾವಾಗಿಂದ?"

"ಹೆರಿಗಿ ಆದಮ್ಯಾಲೆ ಜಾಸ್ತಿ ಆಗೈತಿ." ಜ್ಯೋತಿಲಕ್ಷ್ಮಿ ಬಟ್ಟೆ ಕಸಿದುಕೊಂಡಳು. "ನಿನ್ನಿಂದನ ಬಂತೇನು? ಮೊದಲ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು" ಎಂದಳು ಹೊನ್ನೂರಮ್ಮ. "ಹೇಳಾಕ ಬಾಯಿ ಬರಲಿಲ್ಲ."

ಮಗಳು ಬಹಳ ಹೊತ್ತು ಅತ್ತಳು. ಮುಚ್ಚಿಟ್ಟರೆ ಏನಾಗುತ್ತದೆಂದು ಬಲ್ಲ ಹೊನ್ನೂರಮ್ಮ, ಅವತ್ತೇ ಗಂಡನಿಗೆ ಹೇಳು ಎಂದು ಒತ್ತಾಯಿಸಿದಳು. ಜ್ಯೋತಿಲಕ್ಷ್ಮಿ ಹೇಳಿದಳು. ಮಾರೇಶ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಿರಣಿಗೆ ರಜೆ ಹಾಕಿ ಹೆಂಡತಿ, ಕೂಸು, ಅತ್ತೆಯನ್ನು ಬಳ್ಳಾರಿಗೆ ಕರೆದೊಯ್ದ.

ಶ್ರೀಕೃತಿ ಜ್ಯೋತಿಲಕ್ಷ್ಮಿಯ ಕಿವಿಯ ಹಿಂದೆ ಪಟ್ಟಿ ಒತ್ತಿದರು. ಬಾಣಂತಿಗೆ ಹೊಂದುವ ಮುಲಾಮು ಕೊಟ್ಟು, ಎದೆಹಾಲು ಕುಡಿಸಲು ಏನೂ ಅಡ್ಡಿಯಿಲ್ಲ ಎಂದರು. ಮಾರೇಶ ಬಾಗಿಲ ಬಳಿಯೇ ನಿಂತಿದ್ದ.

"ಕೂಸಿಗೆ ಬರ್ತೈತೇನ್ರೀ ಮೇಡಂ?"

"ಬರಬಹುದು, ಬರದೇನೂ ಇರಬಹುದು. ಬಹಳ ಮಕ್ಕಳಿಗೆ ಬರಂಗಿಲ್ಲ."

"ಆ ಪಟ್ಟಿ ಕೂಸಿಗೆ ಹಚ್ಚಿ ನೋಡಿದ್ರ?"

"ಅದರಿಂದ ಗೊತ್ತಾಗಂಗಿಲ್ಲ. ಇನ್ನಾ ಅಷ್ಟು ದೂರ ನಾವು ಹೋಗಿಲ್ಲ."

ಮಾರೇಶ ಕೂಸಿನ ಮುಖ ನೋಡುತ್ತ ನಿಂತ. ಹೊನ್ನೂರಮ್ಮನಿಗೆ ಅಳಿಯನ ಕಡೆ ತಲೆಯೆತ್ತಲಾಗಲಿಲ್ಲ.

ಮನೆಗೆ ಬಂದು ಜ್ಯೋತಿಲಕ್ಷ್ಮಿ ಅತ್ತೆಗೂ ಹೇಳಿದಳು. ಮಂಜಮ್ಮ ಕೂಗಾಡಲಿಲ್ಲ. ಸೊಸೆಯ ತಟ್ಟೆ ಲೋಟ ಬೇರೆ ಇಟ್ಟಳು. ವಾರ ಕಳೆಯುವುದರೊಳಗೆ, "ಬಾಣಂತನ ತವರಾಗ ಆಗೋದು ಪದ್ಧತಿ" ಎಂದು ಬಟ್ಟೆಯ ಗಂಟು ಕಟ್ಟಿಸಿ ಬಾದನಹಟ್ಟಿಯ ಬಸ್ಸು ಹತ್ತಿಸಿದಳು. ಎಂದು ಕರೆಸಿಕೊಳ್ಳುತ್ತೇವೆ ಎಂಬ ಮಾತು ಬರಲಿಲ್ಲ.

ಮಗಳು, ಮೊಮ್ಮಗಳು ಮನೆಗೆ ಬರಲಿ ಎಂದು ಹೊನ್ನೂರಮ್ಮ ಎಷ್ಟೋ ಹಂಬಲಿಸಿದ್ದಳು. ಬಂದದ್ದು ಹೀಗೆ. ಮೊದಲ ದಿನ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ತಂಬಿಗೆ ಎತ್ತದೆ ತನ್ನ ಅಂಗೈ ನೋಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಜ್ಯೋತಿಲಕ್ಷ್ಮಿ, "ಹಾಕು ಯಮ್ಮಾ, ನೀರು ಆರ್ತೈತಿ" ಎಂದಳು. ತಾಯಿ ಮಗಳು ಒಬ್ಬರಿಗೊಬ್ಬರು ಮುಲಾಮು ಹಚ್ಚಿಕೊಂಡರು. ಹೊನ್ನೂರಮ್ಮನ ಅಂಗೈಯ ಬಿರುಕು ಮೆಲ್ಲಗೆ ಕೂಡಿತು, ಮೊಣಕೈ ಮಾತ್ರ ಹಾಗೇ ಉಳಿಯಿತು. ಸಿರುಗುಪ್ಪದಿಂದ ಫೋನು ಬಂದಾಗಲೆಲ್ಲ ಮಗಳು ಹಿತ್ತಿಲಿಗೆ ಓಡುತ್ತಿದ್ದಳು. ಒಳಗೆ ಬಂದವಳ ಮುಖ ನೋಡಿದರೆ ಕರೆಸಿಕೊಳ್ಳುವ ಮಾತು ಬಂದಿಲ್ಲವೆಂದು ತಾಯಿಗೆ ತಿಳಿಯುತ್ತಿತ್ತು.

ತಾಯಿ ಮಗಳು ಎರಡನೇ ಸಲ ಮಾದರಿ ಕೊಡಲು ಬಳ್ಳಾರಿಗೆ ಹೋದಾಗ ಮಾರೇಶ ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದ. ಸೊರಗಿದ್ದ. ರೋಗವಿಲ್ಲದವರ ಚರ್ಮವನ್ನೂ ಜೊತೆಗಿಟ್ಟು ಹೋಲಿಸಿ ನೋಡಬೇಕು, ಕೊಡುವವರೇ ಸಿಗುತ್ತಿಲ್ಲ ಎಂದು ಶ್ರೀಕೃತಿ ಹೇಳುತ್ತಿದ್ದಾಗ ಅವನು ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತ. "ನಂದು ತಗೋರಿ" ಎಂದ.

ಹೊರಗೆ ಬಂದ ಮೇಲೆ ಜ್ಯೋತಿಲಕ್ಷ್ಮಿ ಕೇಳಿದಳು, "ಅತ್ತಿ ಏನಂತಾರ?"

"ಇನ್ನಾ ಒಪ್ಪಿಲ್ಲ" ಎಂದ ಮಾರೇಶ. ಕೂಸನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ತನಕ ಅವರ ಜೊತೆ ನಡೆದ. ಬಾದನಹಟ್ಟಿಯ ಬಸ್ಸು ಬಂದಾಗ ಅವರನ್ನು ಹತ್ತಿಸಿ, ಸೀಟು ಹಿಡಿದು ಕೂಡಿಸಿ, ಕೂಸನ್ನು ಹೊನ್ನೂರಮ್ಮನ ಕೈಗೆ ಕೊಟ್ಟು ಇಳಿದ.