ಮಿಸ್ ವರ್ಲಿಯ ಸೊಸೆ

ಹೂಮಾ ಊರಿನ ಸೀಗಡಿ ಶೆಡ್ಡಿನಲ್ಲಿ ಡೆಲ್ಮಿರಾಳಷ್ಟು ಬೇಗ ಸಿಪ್ಪೆ ಸುಲಿಯುವವರು ಇರಲಿಲ್ಲ. ಅವಳಷ್ಟು ಕಡಿಮೆ ಮಾತಾಡುವವರೂ ಇರಲಿಲ್ಲ. ಹೊಂಡುರಾಸ್ ದೇಶದ ತೇಲಾ ಊರಿನವಳು. ಅಲ್ಲಿಗೆ ರಜೆಯಲ್ಲಿ ಬಂದಿದ್ದ ದೋಣಿ ಮೆಕ್ಯಾನಿಕ್ ವೇಲನ್ ಅವಳನ್ನು ಮೆಚ್ಚಿ, ಮದುವೆಯಾಗಿ, ಅಮೆರಿಕದ ಲೂಸಿಯಾನಕ್ಕೆ, ಈ ಊರಿಗೆ, ಕರೆತಂದಿದ್ದ.

ಮೊದಮೊದಲು ಚೆನ್ನಾಗಿಯೇ ಇದ್ದರು. ಆಮೇಲೆ ಅವನು ಕುಡಿತಕ್ಕೆ ಬಿದ್ದ. ಅವಳ ಸಂಬಳ ಕಿತ್ತುಕೊಳ್ಳತೊಡಗಿದ, ಕೈ ಎತ್ತತೊಡಗಿದ. ಅವಳು ಬಾಯಿ ತೆರೆದರೆ ಒಂದೇ ಬೆದರಿಕೆ: "ಇಮಿಗ್ರೇಷನ್ನೋರಿಗೆ ಒಂದು ಫೋನ್ ಮಾಡಿದ್ರೆ ಸಾಕು, ನಾಳೇನೇ ನಿನ್ನ ವಿಮಾನ ಹತ್ತಿಸ್ತಾರೆ."

ಮದುವೆಯಿಂದ ಸಿಕ್ಕ ಗ್ರೀನ್ ಕಾರ್ಡಿಗೆ ಎರಡೇ ವರ್ಷದ ಆಯಸ್ಸು. ಅದು ಮುಗಿಯುವ ಮೊದಲು ಗಂಡ ಹೆಂಡತಿ ಸೇರಿ ಮತ್ತೆ ಅರ್ಜಿ ಹಾಕಬೇಕಿತ್ತು. ವೇಲನ್ ಸಹಿ ಹಾಕುವುದಿಲ್ಲವೆಂದು ನಕ್ಕುಬಿಟ್ಟ.

ಅವನ ತಾಯಿ ವರ್ಲಿ ಅದೇ ಮನೆಯಲ್ಲಿದ್ದಳು; ಊರವರು ಗೌರವದಿಂದ 'ಮಿಸ್ ವರ್ಲಿ' ಎನ್ನುತ್ತಿದ್ದರು. ಬಾಯಿ ಜೋರಿನ ಹೆಂಗಸು. ಸೊಸೆ ಮಾಡಿದ ಅಡುಗೆಗೆಲ್ಲ ಕೊಂಕು ತೆಗೆಯುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಮಗ ಸೊಸೆಯ ಕೆನ್ನೆಗೆ ಬಾರಿಸಿದ್ದನ್ನು ಕಣ್ಣಾರೆ ಕಂಡಳು. ಮರುದಿನ ತನ್ನ ವಾಕರನ್ನು ಹಿಂದೆ ಹಾಕಿ, ತಾನೇ ಪಿಕಪ್ ಓಡಿಸಿಕೊಂಡು ಅವಳನ್ನು ಚರ್ಚಿನ ಹಾಲಿಗೆ ಕರೆದೊಯ್ದಳು. ಅಲ್ಲಿ ಒಫೇಲಿಯಾ ಎಂಬ ವಕೀಲೆ ಬಡವರಿಗೆ ಪುಕ್ಕಟೆ ಸಲಹೆ ಕೊಡುತ್ತಿದ್ದಳು.

"ಅವನನ್ನ ಬಿಟ್ರೆ ದೇಶಾನೂ ಬಿಡಬೇಕಾ ಮೇಡಂ?" ಡೆಲ್ಮಿರಾ ಕೇಳಿದಳು.

"ಯಾರಮ್ಮಾ ಹಾಗಂದಿದ್ದು? ಮದುವೆ ನಿಜವಾದದ್ದು, ಅವನು ಹಿಂಸೆ ಕೊಟ್ಟ ಅಂತ ತೋರಿಸಿದ್ರೆ ನೀನೊಬ್ಳೇ ಅರ್ಜಿ ಹಾಕ್ಬಹುದು. ಅವನ ಸಹಿ ಬೇಡ. ಡಿವೋರ್ಸ್ ಆಗೋವರೆಗೂ ಕಾಯೋದೂ ಬೇಡ."

ಡೆಲ್ಮಿರಾ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಯ ಬರೀ ಸುಳ್ಳಾಗಿತ್ತೇ ಎಂದು ಮೊದಲು ಅಳು ಬಂತು, ಬೆನ್ನಿಗೇ ಸಿಟ್ಟೂ ಬಂತು.

ಸಂಜೆ ವೇಲನ್ ಮತ್ತೆ ಫೋನಿನ ಮಾತೆತ್ತಿದ. ಅವಳು ತನ್ನ ಫೋನನ್ನೇ ಅವನ ಮುಖದ ಮುಂದೆ ಹಿಡಿದಳು.

"ತಗೋ, ಮಾಡು. ನಂಬರ್ ಗೊತ್ತಿಲ್ದಿದ್ರೆ ನಾನೇ ಒತ್ತಿ ಕೊಡ್ತೀನಿ."

ವೇಲನ್ ತಾಯಿಯ ಕಡೆ ನೋಡಿದ. ವರ್ಲಿ ಕುರ್ಚಿಯಿಂದ ಏಳದೆಯೇ ಹೇಳಿದಳು: "ಅವಳ ಮುಖ ಬಿಟ್ಟು ನನ್ನ ಮುಖ ಯಾಕೋ ನೋಡ್ತೀಯಾ? ಮನೆ ನಂದು. ನಿನ್ನ ಬಟ್ಟೆ ಬರೆ ತುಂಬ್ಕೊಂಡು ಹೊರಡು."

ಅವನು ಹೋದ. ಫೋನ್ ಮಾಡಲೇ ಇಲ್ಲ.

ಡೆಲ್ಮಿರಾ ಒಬ್ಬಳೇ ಹಾಕಿದ ಅರ್ಜಿಯ ವಿಚಾರಣೆ ನ್ಯೂ ಆರ್ಲಿಯನ್ಸಿನ ವಲಸೆ ಕಚೇರಿಯಲ್ಲಿ. ವರ್ಲಿ ವಾಕರ್ ಊರಿಕೊಂಡು ಸಾಕ್ಷಿಗೆ ಬಂದಳು. ಕಾರ್ಡಿನ ಆಸೆಗೇ ಮದುವೆಯಾದದ್ದಲ್ಲ ಎಂದು ಹೇಗೆ ನಂಬುವುದೆಂದು ಅಧಿಕಾರಿ ಕೇಳಿದ್ದೇ ತಡ, ಅವಳು ನಡುವೆ ಬಾಯಿ ಹಾಕಿದಳು.

"ನನ್ನ ಸೊಂಟ ಮುರಿದಾಗ ನನ್ನ ಮಗ ಬಾರಲ್ಲಿ ಕೂತಿದ್ದ. ಸ್ನಾನ ಮಾಡಿಸಿದ್ದು ಇವಳು. ಕಾರ್ಡಿಗೆ ಅಂತ ಮದುವೆಯಾದೋಳು ಅತ್ತೆ ಕಾಲುಗುರು ಕತ್ತರಿಸ್ತಾಳೇನಪ್ಪಾ?"

"ನೀವು ಸ್ವಂತ ಮಗನ ವಿರುದ್ಧ ಮಾತಾಡ್ತಿದ್ದೀರಿ, ಅಮ್ಮಾ."

"ಹೆತ್ತೋಳು ನಾನು. ಅವನೆಂಥೋನು ಅಂತ ನಿಮಗಿಂತ ನನಗೆ ಚೆನ್ನಾಗಿ ಗೊತ್ತು."

ಡೆಲ್ಮಿರಾ ಅವಳ ಕೈ ಹಿಡಿದುಕೊಂಡಳು. ಆಮೇಲೆ ಕೇಳಿದ ಪ್ರಶ್ನೆಗೆಲ್ಲ ತಲೆ ಎತ್ತಿ, ತಡವರಿಸದೆ ಉತ್ತರ ಕೊಟ್ಟಳು.

ಹತ್ತು ವರ್ಷದ ಕಾರ್ಡು ಬಂದ ದಿನ ಅದನ್ನು ಶೆಡ್ಡಿಗೇ ತಂದಳು. ಎಂದೂ ದನಿಯೆತ್ತದವಳು ಮೇಜು ಹತ್ತಿ ನಿಂತು, "ಬಂತು ಕಣ್ರೇ!" ಎಂದು ಕೂಗಿದಳು. ಹೆಂಗಸರು ಬಕೆಟ್ ಬಡಿದು ಕೇಕೆ ಹಾಕಿದರು. ಮೇಸ್ತ್ರಿಯೂ ಗದರಲಿಲ್ಲ.

ಆ ಚಳಿಗಾಲ ಡೆಲ್ಮಿರಾ ತಾಯಿಯನ್ನು ನೋಡಲು ತೇಲಾಕ್ಕೆ ಹೊರಟಳು. ವರ್ಲಿಯೂ ಹಟ ಹಿಡಿದು ಜೊತೆಗೆ ಹೋದಳು. ಇಬ್ಬರು ಮುದುಕಿಯರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆದರೂ ತೆಂಗಿನಹಾಲಿನ ಮೀನು ಸಾರಿಗೆ ಉಪ್ಪು ಸಾಲದೆಂದು ಒಬ್ಬಳು, ಸಾಕೆಂದು ಇನ್ನೊಬ್ಬಳು ಮಧ್ಯಾಹ್ನವಿಡೀ ಜಗಳವಾಡಿದರು. ಡೆಲ್ಮಿರಾ ಯಾರ ಪಕ್ಷವನ್ನೂ ವಹಿಸದೆ ಎರಡು ಬಟ್ಟಲು ಉಂಡಳು.