ಪಡುವಣ ಗೋಡೆ

ಮಂಚಿಕೇರಿಯಲ್ಲಿ ನಾನು ಶಾಲೆ ಕಟ್ಟಿಸುತ್ತಿದ್ದ ಕಾಲ. ಅಲ್ಲಿ ಮಳೆ ಹೊಡೆಯುವುದು ಪಡುವಣದಿಂದ. ಹಾಗಾಗಿ ಮಳೆಗಾಲಕ್ಕೆ ಮೊದಲು ಆ ಬದಿಯ ಹೊರಗೋಡೆಗೆ ಸುಣ್ಣದ ಗಾರೆ ಮುಗಿಯಲೇಬೇಕಿತ್ತು. ಗಾರೆ ಬಿರಿಯದಂತೆ ಹಲಗೆಯಿಂದ ದಿನವಿಡೀ ತಟ್ಟಬೇಕು. ಆ ಗೋಡೆಯ ಪಕ್ಕದ್ದೇ ಬಾಣಂತಿ ಮನೆ. ಆ ಮನೆಯ ಅಜ್ಜಿ ಬಂದರು.

"ತಮಾ, ಕೂಸು ಮಲಗೂದಿಲ್ಲ. ಈ ಬದಿ ಕೊನೆಗೆ ಮಾಡಿದ್ರೆ ಆಗೂದಿಲ್ವಾ?"

"ಮಳೆ ಕಾಯೋದಿಲ್ಲ ಅಮ್ಮ. ಮೆಲ್ಲಗೆ ತಟ್ಟಿಸ್ತೇನೆ."

ಹಾವೇರಿ ಕಡೆಯ ಮೇಸ್ತ್ರಿ ಮೆಲ್ಲಗೇ ತಟ್ಟಿದ. ಗೋಡೆ ಮುಗಿಯಿತು. ಮೂಡಣ ಬದಿ ಶುರುಮಾಡುವಷ್ಟರಲ್ಲಿ ಅಜ್ಜಿ ಮತ್ತೆ ಬಂದರು.

"ತಟ್ಟೂದು ನಿಂತ ಮೇಲೆ ಕೂಸು ಕಣ್ಣೇ ಮುಚ್ಚಲಿಲ್ಲ, ತಮಾ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಮುಗಿದ ಗೋಡೆಯ ಬುಡದಲ್ಲಿ ಕೂತು ಬರೀ ಹಲಗೆ ತಟ್ಟತೊಡಗಿದ.

ಅಷ್ಟರಲ್ಲಿ ಬಂದ ಇಂಜಿನಿಯರ್ ಸಾಹೇಬರು, "ಇಲ್ಲಿನ್ನೇನು ಕೆಲಸ?" ಎಂದು ಗದರಿದರು.

ಮೇಸ್ತ್ರಿ ಕೈ ನಿಲ್ಲಿಸಲಿಲ್ಲ. "ಮೆಲ್ಲಕ ಮಾತಾಡ್ರಿ ಸಾಹೇಬ್ರ," ಎಂದ. "ಈಗರ ನಿದ್ದಿ ಹತ್ತೈತಿ."